ಜಾರುಬಂಡೆಗಿಂತ ಮೊದಲು ಕಸದ ಗಾಡಿ: ಜೇನ್ ಆಡಮ್ಸ್ ಕಂಡ ಮಕ್ಕಳ ನಗರ

1895ರಲ್ಲಿ ಅಮೆರಿಕದ ಶಿಕಾಗೊ ನಗರದ 19ನೇ ವಾರ್ಡಿಗೆ ಹೊಸ ಕಸದ ಇನ್‌ಸ್ಪೆಕ್ಟರ್ ನೇಮಕ ಆಯ್ತು. ವರ್ಷಕ್ಕೆ 1,000 ಡಾಲರ್ ಸಂಬಳ. ಗುತ್ತಿಗೆದಾರನ ಗಾಡಿಗಳ ಹಿಂದೆ ಓಡಾಡಿ, ಆತ ನಿಜವಾಗಿಯೂ ಕಸ ಎತ್ತುತ್ತಿದ್ದಾನಾ ಅಂತ ನೋಡೋದು ಕೆಲಸ. ಬೆಳಗ್ಗೆ ಆರಕ್ಕೂ ಮೊದಲೇ ಎದ್ದು ಈ ಕೆಲಸಕ್ಕೆ ಹೊರಡುತ್ತಿದ್ದದ್ದು ಒಬ್ಬ ಹೆಂಗಸು. ವಯಸ್ಸು ಮೂವತ್ತೈದರ ಆಸುಪಾಸು, ಬೆನ್ನು ಸ್ವಲ್ಪ ಬಾಗಿದೆ, ಕಾಲೇಜು ಓದಿದ್ದಾರೆ, ಹುಟ್ಟಿದ್ದು ಶ್ರೀಮಂತರ ಮನೆಯಲ್ಲಿ. ಹೆಸರು ಜೇನ್ ಆಡಮ್ಸ್.

ಇದಾಗಿ 36 ವರ್ಷಕ್ಕೆ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರು. ಜಗತ್ತು ಅವರನ್ನು ನೆನಪಿಟ್ಟಿರೋದು ಯುದ್ಧವಿರೋಧಿಯಾಗಿ, ಸಮಾಜ ಸೇವಕಿಯಾಗಿ. ನನಗೆ ಅವರಲ್ಲಿ ಆಸಕ್ತಿ ಹುಟ್ಟಿದ್ದು ಮಾತ್ರ ಕಸದಿಂದ.

ಮಕ್ಕಳಸ್ನೇಹಿ ನಗರ ಅನ್ನೋ ಮಾತು ಈಗ ಎಲ್ಲ ಪ್ರೆಸೆಂಟೇಷನ್‌ಗಳಲ್ಲೂ ಇದೆ. ಅದನ್ನ ಕೇಳಿದ ತಕ್ಷಣ ನಮ್ಮ ಕಣ್ಣಿಗೆ ಬರೋದು ಬಣ್ಣ ಬಳಿದ ಗೋಡೆ, ರಬ್ಬರ್ ನೆಲಹಾಸು, ಪ್ಲಾಸ್ಟಿಕ್ ಜಾರುಬಂಡೆ. ಅವೆಲ್ಲ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಜೇನ್ ಬದುಕನ್ನು ಓದಿದರೆ, ಮಕ್ಕಳು ಬದುಕಬಲ್ಲ ಬಡಾವಣೆಯ ಮೊದಲ ಪ್ರಶ್ನೆಗಳು ಬೇರೆಯೇ ಇವೆ ಅನ್ನೋದು ಗೊತ್ತಾಗುತ್ತೆ. ಕಸ ಯಾರು ಎತ್ತಬೇಕು? ಅಮ್ಮ ಎಷ್ಟು ಗಂಟೆ ದುಡಿಯಬೇಕು? ಮನೆ ಬಾಡಿಗೆ ಯಾರ ಜೇಬಿಗೆ ಹೋಗುತ್ತೆ? ವಾರ್ಡಿನಲ್ಲಿ ಯಾರ ಮಾತು ನಡೆಯುತ್ತೆ? ಇದು ಪೂರ್ತಿ ರಾಜಕೀಯದ ವಿಷಯ.

ಗಿರಣಿ ಮಾಲೀಕರ ಮಗಳು

ಜೇನ್ ಹುಟ್ಟಿದ್ದು 1860ರ ಸೆಪ್ಟೆಂಬರ್ 6ರಂದು, ಇಲಿನಾಯ್ ರಾಜ್ಯದ ಸೀಡರ್‌ವಿಲ್ ಅನ್ನೋ ಪುಟ್ಟ ಊರಲ್ಲಿ. ಅಪ್ಪ ಜಾನ್ ಆಡಮ್ಸ್ ಗಿರಣಿ ಮಾಲೀಕರು, ರಾಜ್ಯದ ಸೆನೆಟರ್, ಅಬ್ರಹಾಂ ಲಿಂಕನ್ನರ ಬೆಂಬಲಿಗರು. ಜೇನ್‌ಗೆ ಎರಡು ವರ್ಷ ಇದ್ದಾಗ ತಾಯಿ ತೀರಿಕೊಂಡರು. ನಾಲ್ಕನೇ ವಯಸ್ಸಿಗೆ ಬೆನ್ನುಮೂಳೆಯ ಕ್ಷಯ ಬಂತು. ಮಗು ಉಳಿಯಿತು, ಆದರೆ ಬೆನ್ನು ಬಾಗಿತು.

ಬೆನ್ನು ಬಾಗಿದ್ದರೂ ಆಟಕ್ಕೇನೂ ಕೊರತೆ ಇರಲಿಲ್ಲ. ಗುಡ್ಡ, ಹೊಲ, ಗುಹೆ, ಗಿರಣಿಯ ನೀರಿನ ಕಾಲುವೆ, ಎಲ್ಲ ಮನೆ ಹತ್ತಿರವೇ. ಮಲಸಹೋದರನ ಜೊತೆ ದಿನಗಟ್ಟಲೆ, ವಾರಗಟ್ಟಲೆ ಎಳೆಯುವ ಆಟಗಳನ್ನು ಆಡಿದ್ದನ್ನು ಅವರು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಶಿಕಾಗೊದ ಮಕ್ಕಳಿಗೆ ಏನು ಇಲ್ಲ ಅನ್ನೋದು ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡಿದ್ದಕ್ಕೆ ಈ ಬಾಲ್ಯವೇ ಕಾರಣ ಅಂತ ನನಗನ್ಸುತ್ತೆ.

ಏಳು ವರ್ಷ ತುಂಬುವ ಮೊದಲು ಅಪ್ಪನ ಜೊತೆ ಪಕ್ಕದ ಫ್ರೀಪೋರ್ಟ್ ಪಟ್ಟಣಕ್ಕೆ ಹೋಗಿದ್ದರು. ಗಿರಣಿ ಇದ್ದದ್ದು ಊರಿನ ಅತಿ ಬಡವರ ಕೇರಿಯ ಪಕ್ಕದಲ್ಲಿ. ಜನ ಇಷ್ಟು ಸಣ್ಣ ಮನೆಗಳಲ್ಲಿ, ಒಂದಕ್ಕೊಂದು ಅಂಟಿಕೊಂಡು ಯಾಕೆ ಇರ್ತಾರೆ ಅಂತ ಅಪ್ಪನನ್ನು ಕೇಳಿದರು. ಅಪ್ಪ ಏನೋ ವಿವರಿಸಿದರು. ದೊಡ್ಡವಳಾದ ಮೇಲೆ ತಾನೊಂದು ದೊಡ್ಡ ಮನೆ ಮಾಡ್ತೀನಿ, ಆದರೆ ಅದು ಇಂಥ ಮನೆಗಳ ನಡುವೆಯೇ ಇರುತ್ತೆ ಅಂದಳಂತೆ ಹುಡುಗಿ. ಆತ್ಮಕಥೆಗಳಲ್ಲಿ ಬರೋ ಇಂಥ ಪ್ರಸಂಗಗಳನ್ನು ನಾನು ಪೂರ್ತಿ ನಂಬೋದಿಲ್ಲ, ಎಲ್ಲರೂ ಬಾಲ್ಯವನ್ನು ಹಿಂದಿನಿಂದ ಸರಿಮಾಡಿ ಹೇಳ್ತಾರೆ. ಆದರೆ ಅವರು ಕೊನೆಗೆ ಮಾಡಿದ್ದು ಅದನ್ನೇ.

1881ರಲ್ಲಿ ರಾಕ್‌ಫರ್ಡ್ ಮಹಿಳಾ ಸೆಮಿನರಿಯಲ್ಲಿ ಓದು ಮುಗಿಯಿತು. ಅದೇ ವರ್ಷ ಅಪ್ಪ ಹೋಗಿಬಿಟ್ಟರು. ಡಾಕ್ಟರ್ ಆಗಬೇಕು ಅಂತ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು, ಆರೋಗ್ಯ ಕೈಕೊಟ್ಟಿತು, ಓದು ನಿಂತಿತು. ಬೆನ್ನಿಗೆ ಆಪರೇಷನ್ ಆಯ್ತು. ಮುಂದಿನ ಹಲವು ವರ್ಷ ಅವರದ್ದು ದಿಕ್ಕು ಕಾಣದ ಬದುಕು. ಓದಿದ, ದುಡ್ಡಿದ್ದ, ಮದುವೆ ಬೇಡ ಅಂದುಕೊಂಡ ಹೆಣ್ಣಿಗೆ ಆ ಕಾಲದಲ್ಲಿ ಮಾಡೋಕೆ ಹೆಚ್ಚೇನೂ ಇರಲಿಲ್ಲ. ಯುರೋಪ್ ಸುತ್ತೋದು ಒಂದಿತ್ತು.

ಹಾಗೆ ಸುತ್ತುವಾಗ 1883ರಲ್ಲಿ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಶನಿವಾರ ರಾತ್ರಿಯ ಒಂದು ಹರಾಜನ್ನು ನೋಡಿದರು. ಮಾರಾಟವಾಗದೆ ಉಳಿದ, ಕೊಳೆಯಲು ಶುರುವಾದ ತರಕಾರಿಗೆ ಜನ ಕೈ ಎತ್ತಿ ಎತ್ತಿ ಕೂಗುತ್ತಿದ್ದರು. ಕೈಗೆ ಸಿಕ್ಕ ಎಲೆಕೋಸನ್ನು ಒಬ್ಬ ಅಲ್ಲೇ ಹಸಿಯಾಗಿ ತಿಂದ. ಆ ಎತ್ತಿದ ಕೈಗಳು ಅವರನ್ನು ಬಹಳ ವರ್ಷ ಕಾಡಿದವು. 1888ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಟಾಯ್ನ್‌ಬೀ ಹಾಲ್ ನೋಡಿದರು. ವಿಶ್ವವಿದ್ಯಾಲಯದಲ್ಲಿ ಓದಿದ ಯುವಕರು ಬಡವರ ಕೇರಿಯಲ್ಲೇ ಮನೆ ಮಾಡಿಕೊಂಡು, ನೆರೆಯವರಾಗಿ ಬದುಕುತ್ತಿದ್ದ ಜಾಗ ಅದು. ದಾನ ಕೊಟ್ಟು ಸಂಜೆ ಮನೆಗೆ ವಾಪಸ್ ಬರೋ ಲೆಕ್ಕ ಅಲ್ಲಿರಲಿಲ್ಲ. ತಾನು ಮಾಡಬೇಕಾದ್ದು ಇದೇ ಅಂತ ಜೇನ್‌ಗೆ ಖಚಿತವಾಯ್ತು.

ಹಾಲ್‌ಸ್ಟೆಡ್ ಬೀದಿಯ ಮನೆ

1889ರ ಸೆಪ್ಟೆಂಬರ್ 18ರಂದು ಜೇನ್ ಮತ್ತು ಕಾಲೇಜು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೊದ ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದಕ್ಕೆ ಬಂದು ನೆಲೆಸಿದರು. ಚಾರ್ಲ್ಸ್ ಹಲ್ ಅನ್ನೋ ಶ್ರೀಮಂತ 1856ರಲ್ಲಿ ಕಟ್ಟಿಸಿದ್ದ ಮನೆ, ಹಾಗಾಗಿ ಹಲ್ ಹೌಸ್. ಅದು ಕಟ್ಟಿದಾಗ ಊರ ಹೊರಗಿತ್ತು. ಇವರು ಬರೋ ಹೊತ್ತಿಗೆ ಸುತ್ತ ವಲಸಿಗರ ವಠಾರಗಳು ತುಂಬಿಕೊಂಡಿದ್ದವು. ಇಟಲಿ, ಗ್ರೀಸ್, ಜರ್ಮನಿ, ಐರ್ಲೆಂಡ್, ಬೊಹೆಮಿಯಾದವರು, ರಷ್ಯಾ-ಪೋಲೆಂಡಿನ ಯಹೂದಿಗಳು, ಎಲ್ಲರೂ ಒಂದೇ ವಾರ್ಡಿನಲ್ಲಿ.

ಆಗಿನ ಶಿಕಾಗೊ ಬೆಳೆದ ವೇಗ ನೋಡಿ. 1880ರ ಜನಗಣತಿಯಲ್ಲಿ ಸುಮಾರು 5 ಲಕ್ಷ ಜನ. 1890ರಲ್ಲಿ ಸುಮಾರು 11 ಲಕ್ಷ. ಹತ್ತೇ ವರ್ಷದಲ್ಲಿ ಎರಡು ಪಟ್ಟು. ಒಂದು ಕುಟುಂಬಕ್ಕೆ ಕಟ್ಟಿದ ಮರದ ಮನೆಯಲ್ಲಿ ನಾಲ್ಕೈದು ಕುಟುಂಬ, ನೀರಿಗೆ ಹಿತ್ತಲಲ್ಲಿ ಒಂದೇ ನಲ್ಲಿ. ಎಷ್ಟೋ ಮನೆಗಳಿಗೆ ಚರಂಡಿ ಸಂಪರ್ಕವೇ ಇರಲಿಲ್ಲ.

ಜೇನ್ ಮತ್ತು ಎಲೆನ್ ಬಂದಾಗ ಇಟಲಿಯ ಕಲೆ, ಸಾಹಿತ್ಯ ಓದಿಸೋಣ ಅನ್ನೋ ಉತ್ಸಾಹದಲ್ಲಿದ್ದರು. ನೆರೆಹೊರೆಯವರು ಬೇಗನೆ ಪಾಠ ಕಲಿಸಿದರು. ಅಮ್ಮಂದಿರಿಗೆ ಬೇಕಿದ್ದದ್ದು ಮಕ್ಕಳನ್ನು ಬಿಟ್ಟುಹೋಗೋಕೆ ಒಂದು ಜಾಗ. ಹಾಗಾಗಿ ಮೊದಲ ದಿನಗಳಲ್ಲೇ ಶಿಶುವಿಹಾರ ಶುರುವಾಯ್ತು, ಆಮೇಲೆ ಕೂಸುಗಳನ್ನು ನೋಡಿಕೊಳ್ಳೋ ವ್ಯವಸ್ಥೆ.

ಆ ಅಗತ್ಯ ಎಂಥದ್ದಿತ್ತು ಅನ್ನೋಕೆ ಅವರು ದಾಖಲಿಸಿದ ಮೂರು ಮಕ್ಕಳ ಕಥೆ ಸಾಕು. ತಾಯಂದಿರು ದುಡಿಯೋಕೆ ಹೋದಾಗ ಒಂಟಿಯಾಗಿ ಉಳಿದು ಅಂಗವಿಕಲರಾದವರು ಅವರು. ಒಂದು ಮಗು ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದಿತ್ತು. ಇನ್ನೊಂದಕ್ಕೆ ಬೆಂಕಿ ತಗುಲಿತ್ತು. ಮೂರನೆಯದರ ಬೆನ್ನು ಬಾಗಿತ್ತು. ಮೂರು ವರ್ಷ ಕಾಲ ಅದನ್ನು ದಿನವಿಡೀ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕುತ್ತಿದ್ದರು. ಮಧ್ಯಾಹ್ನ ಅಣ್ಣ ಕಾರ್ಖಾನೆಯಿಂದ ಓಡಿಬಂದು ಊಟ ಹಂಚಿಕೊಂಡು ತಿನ್ನೋವಾಗ ಮಾತ್ರ ಬಿಡುಗಡೆ. ತನ್ನ ಬೆನ್ನು ಬಾಗಿದ್ದಕ್ಕೆ ಜೇನ್ ರೋಗವನ್ನು ದೂರಬಹುದಿತ್ತು. ಈ ಮಗುವಿನ ಬೆನ್ನಿಗೆ ಯಾರನ್ನ ದೂರೋದು? ಕಟ್ಟಿಹಾಕಿದ ತಾಯಿಯನ್ನಾ?

ಮೊದಲ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಮಿಠಾಯಿ ಹಂಚಿದರೆ ಕೆಲವು ಹುಡುಗಿಯರು ಬೇಡ ಅಂದುಬಿಟ್ಟರು. ವಿಚಾರಿಸಿದಾಗ ಗೊತ್ತಾಯ್ತು: ಅವರು ಮಿಠಾಯಿ ಕಾರ್ಖಾನೆಯ ಕೆಲಸಗಾರರು. ಆರು ವಾರದಿಂದ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದಿದ್ದರು, ಮಿಠಾಯಿ ಕಂಡರೇ ವಾಕರಿಕೆ. ಅದೇ ಚಳಿಗಾಲದಲ್ಲಿ ಹಲ್ ಹೌಸಿನ ಬಾಲಕರ ಕ್ಲಬ್ಬಿನ ಮೂವರು ಹುಡುಗರು ಪಕ್ಕದ ಕಾರ್ಖಾನೆಯ ಒಂದೇ ಯಂತ್ರಕ್ಕೆ ಸಿಕ್ಕಿ ಗಾಯಗೊಂಡರು. ಒಬ್ಬ ಸತ್ತ. ಯಂತ್ರಕ್ಕೊಂದು ಕಾವಲು ತಡೆ ಹಾಕಿಸೋಕೆ ಕೆಲವೇ ಡಾಲರ್ ಸಾಕಿತ್ತು. ಮಾಲೀಕರು ಇನ್ನು ಮುಂದಾದರೂ ಹಾಕಿಸ್ತಾರೆ ಅಂದುಕೊಂಡ ಜೇನ್‌ಗೆ ಆಘಾತ ಕಾದಿತ್ತು. ಮಾಲೀಕರು ಏನೂ ಮಾಡಲಿಲ್ಲ. ಪರಿಹಾರ ಕೇಳೋದಿಲ್ಲ ಅಂತ ಅಪ್ಪ-ಅಮ್ಮಂದಿರಿಂದ ಮೊದಲೇ ಸಹಿ ಹಾಕಿಸಿಕೊಂಡಿದ್ದರು.

ಇಲ್ಲಿಂದ ಮುಂದೆ ಹಲ್ ಹೌಸ್ ಬರೀ ಸೇವಾ ಸಂಸ್ಥೆಯಾಗಿ ಉಳಿಯಲಿಲ್ಲ.

ಲೆಕ್ಕಕ್ಕೆ ಬರದವರನ್ನು ಲೆಕ್ಕ ಹಾಕಿದ್ದು

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ರಸ್ತೆ ವಿನ್ಯಾಸದ ಪಾಠದಲ್ಲಿ ವಾಹನಗಳನ್ನು ಎಣಿಸೋಕೆ ಒಂದು ಅಳತೆ ಇದೆ. ಕಾರು ಅಂದ್ರೆ 1. ಲಾರಿ, ಬಸ್ಸು ಅದಕ್ಕಿಂತ ಹೆಚ್ಚು, ಸೈಕಲ್ಲು ಕಡಿಮೆ. ಈ ಲೆಕ್ಕದ ಮೇಲೆ ರಸ್ತೆ ಎಷ್ಟು ಅಗಲ ಬೇಕು ಅಂತ ತೀರ್ಮಾನ ಆಗುತ್ತೆ. ರಸ್ತೆಯಲ್ಲಿ ಚೆಂಡಿನ ಹಿಂದೆ ಓಡೋ ಆರು ವರ್ಷದ ಹುಡುಗಿಗೆ ಆ ಪಟ್ಟಿಯಲ್ಲಿ ಯಾವ ಅಂಕಿಯೂ ಇಲ್ಲ. ಎಂಜಿನಿಯರುಗಳು ಮಕ್ಕಳ ದ್ವೇಷಿಗಳೇನಲ್ಲ. ಆದರೆ ಅಂಕಿ ಇಲ್ಲದ್ದು ಡ್ರಾಯಿಂಗ್‌ಗೆ ಬರೋದಿಲ್ಲ.

ಹಲ್ ಹೌಸಿನ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. 1891ರ ಕೊನೆಗೆ ಅಲ್ಲಿಗೆ ಬಂದ ಫ್ಲಾರೆನ್ಸ್ ಕೆಲ್ಲಿ ಸಮಾಜವಾದಿ, ವಾದ ಮಾಡೋದರಲ್ಲಿ ಗಟ್ಟಿಗಿತ್ತಿ. ಅವರ ನೇತೃತ್ವದಲ್ಲಿ ಮನೆ ಮನೆಗೆ ಹೋಗಿ ಸಮೀಕ್ಷೆ ನಡೆಯಿತು. ಯಾವ ಮನೆಯಲ್ಲಿ ಯಾವ ದೇಶದವರು, ವಾರಕ್ಕೆ ಎಷ್ಟು ಕೂಲಿ, ಎಲ್ಲವನ್ನೂ ಬಣ್ಣ ಹಚ್ಚಿದ ನಕ್ಷೆಗಳಲ್ಲಿ ತೋರಿಸಿದರು. 1895ರಲ್ಲಿ ಅದು ಪುಸ್ತಕವಾಗಿ ಬಂತು. ಒಂದು ಬಡ ವಾರ್ಡನ್ನು ಹೀಗೆ ಮನೆ ಮನೆಯಾಗಿ ನಕ್ಷೆಗೆ ತಂದದ್ದು ಅಮೆರಿಕದ ಮಟ್ಟಿಗೆ ಹೊಸದು.

ಅದಕ್ಕೂ ಮೊದಲೇ, 1893ರಲ್ಲಿ, ಇಲಿನಾಯ್ ರಾಜ್ಯ ಕಾರ್ಖಾನೆ ಕಾನೂನು ತಂದಿತ್ತು. 14 ವರ್ಷದೊಳಗಿನವರನ್ನು ಕಾರ್ಖಾನೆ ಕೆಲಸಕ್ಕೆ ಹಚ್ಚುವಂತಿಲ್ಲ, ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ. ಅದನ್ನು ಜಾರಿ ಮಾಡೋಕೆ ರಾಜ್ಯಪಾಲ ಆಲ್ಟ್‌ಗೆಲ್ಡ್ ನೇಮಿಸಿದ್ದು ಕೆಲ್ಲಿಯನ್ನೇ. ಕಾನೂನಿನ ಹೋರಾಟ ನಡೆಯುವಾಗ, ಇದನ್ನು ಬಿಟ್ಟುಬಿಟ್ಟರೆ ಹಲ್ ಹೌಸ್‌ಗೆ 50 ಸಾವಿರ ಡಾಲರ್ ದಾನ ಕೊಡಿಸ್ತೀವಿ ಅನ್ನೋ ಆಮಿಷವೂ ಬಂದಿತ್ತು. ಜೇನ್ ನಿರಾಕರಿಸಿದರು. ತನ್ನ ಬಳಿ ಇಂಥ ಮಾತು ತರಬಹುದು ಅಂತ ಜನಕ್ಕೆ ಅನ್ನಿಸಿತಲ್ಲ ಅಂತ ನಾಚಿಕೊಂಡರು.

ಆದರೆ ಈ ಕಥೆ ಸಲೀಸಾಗಿ ಮುಂದೆ ಹೋಗೋದಿಲ್ಲ. ಎಂಟು ಗಂಟೆಯ ನಿಯಮವನ್ನು ರಾಜ್ಯದ ಸುಪ್ರೀಂ ಕೋರ್ಟ್ 1895ರಲ್ಲಿ ರದ್ದು ಮಾಡಿತು. ಬಾಲಕಾರ್ಮಿಕ ನಿಷೇಧಕ್ಕೆ ಮಾಲೀಕರಷ್ಟೇ ಅಲ್ಲ, ಎಷ್ಟೋ ಬಡ ತಂದೆ-ತಾಯಿಗಳೂ ಸಿಟ್ಟಾದರು. ಮಗನ ಕೂಲಿ ನಿಂತರೆ ಮನೆ ಬಾಡಿಗೆ ಕಟ್ಟೋದು ಹೇಗೆ? ಮೇಲಿನಿಂದ ಬಂದ ಒಳ್ಳೆಯ ಕಾನೂನು ಕೆಳಗಿನವರ ಹೊಟ್ಟೆಗೆ ಹೊಡೆಯೋದನ್ನು ಜೇನ್ ಹತ್ತಿರದಿಂದ ನೋಡಿದರು, ಮುಚ್ಚಿಡದೆ ಬರೆದರು. ಕಾನೂನು ಬೇಡ ಅನ್ನಲಿಲ್ಲ. ಕಾನೂನು ಒಂದೇ ಸಾಕು ಅಂತಲೂ ಅನ್ನಲಿಲ್ಲ.

ಹದಿನೆಂಟು ಇಂಚಿನ ಕೆಳಗೆ ರಸ್ತೆ

ಈಗ ಕಸಕ್ಕೆ ಬರೋಣ. 19ನೇ ವಾರ್ಡಿನ ಬೀದಿಗಳಲ್ಲಿ ರಸ್ತೆಗೆ ಬಡಿದು ಕೂರಿಸಿದ ದೊಡ್ಡ ದೊಡ್ಡ ಮರದ ಕಸದ ಪೆಟ್ಟಿಗೆಗಳಿದ್ದವು. ಅವು ಸದಾ ತುಂಬಿ ತುಳುಕುತ್ತಿದ್ದವು. ಅಲ್ಲಿನ ಮಕ್ಕಳಿಗೆ ಆಟದ ಸಾಮಾನು ಅಂದ್ರೆ ಅವೇ. ನಡೆಯೋಕೆ ಕಲಿತ ಕೂಸು ಮೊದಲು ಹತ್ತೋದು ಕಸದ ಪೆಟ್ಟಿಗೆಯನ್ನು. ಸ್ವಲ್ಪ ದೊಡ್ಡ ಹುಡುಗರು ಜಗಳದಲ್ಲಿ ಅಡಗಿಕೊಳ್ಳೋದು ಅದರ ಹಿಂದೆ, ಎಸೆಯೋದು ಅದರೊಳಗಿನದನ್ನು.

ಹಲ್ ಹೌಸಿನ ಮಹಿಳಾ ಕ್ಲಬ್ಬಿನ ಹನ್ನೆರಡು ಹೆಂಗಸರು ಮನೆಗೆಲಸ ಮುಗಿಸಿ ಸಂಜೆ ಗಲ್ಲಿಗಲ್ಲಿ ಸುತ್ತಿದರು. ಎರಡೇ ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಅವರು ಕೊಟ್ಟ ದೂರುಗಳು 1,037. ಇಲಾಖೆ ಅಲುಗಾಡಲಿಲ್ಲ. ಆಗ ಜೇನ್ ಒಂದು ಕೆಲಸ ಮಾಡಿದರು: ವಾರ್ಡಿನ ಕಸದ ಗುತ್ತಿಗೆಗೆ ತಾವೇ ಟೆಂಡರ್ ಹಾಕಿದರು. ತಾಂತ್ರಿಕ ಕಾರಣಕ್ಕೆ ಅದು ತಿರಸ್ಕೃತವಾಯ್ತು. ಆದರೆ ಗದ್ದಲ ಎಷ್ಟಾಯ್ತು ಅಂದ್ರೆ ಮೇಯರ್ ಅವರನ್ನೇ ಇನ್‌ಸ್ಪೆಕ್ಟರ್ ಮಾಡಿಬಿಟ್ಟರು.

ಗುತ್ತಿಗೆದಾರ ಒಂಬತ್ತು ಗಾಡಿ ಓಡಿಸುತ್ತಿದ್ದ. ಜೇನ್ ಹಟ ಹಿಡಿದು ಅದನ್ನು ಹದಿಮೂರಕ್ಕೆ, ಆಮೇಲೆ ಹದಿನೇಳಕ್ಕೆ ಏರಿಸಿದರು. ಗಾಡಿ ಒಂದೊಂದಕ್ಕೂ ನಷ್ಟ ಅಂತ ಆತ ಗೋಳಾಡಿದ. ರಸ್ತೆಯಲ್ಲಿ ಸತ್ತ ಪ್ರಾಣಿಗಳನ್ನು ಎತ್ತಿಸಿದರು. ಮನೆ ಮಾಲೀಕರನ್ನು ಕೋರ್ಟಿಗೆ ಎಳೆದರು. ಒಂದು ಕಿರಿದಾದ ಬೀದಿಯಲ್ಲಿ ಕೊಳಕನ್ನು ಕೆರೆಯುತ್ತಾ ಹೋದರೆ 18 ಇಂಚು ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು! ಪಾಲಿಕೆಯ ಹಳೇ ಕಡತ ತೆಗೆದು ನೋಡಿದರೆ ಅದರ ದಾಖಲೆಯೂ ಇತ್ತು. ಆ ಬೀದಿಯ ಇಟಾಲಿಯನ್ನರಿಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ, ಹೂತುಹೋದ ಊರುಗಳನ್ನು ಅಗೆದು ತೆಗೆಯೋದು ಅವರ ದೇಶದಲ್ಲಿ ಮಾಮೂಲಿ ತಾನೇ ಅಂತ ಜೇನ್ ತಮಾಷೆಯಾಗಿ ಬರೆದಿದ್ದಾರೆ.

ನೆರೆಯ ಹೆಂಗಸರಿಗೆ ಮೊದಮೊದಲು ಮುಜುಗರ. ಹೆಣ್ಣಾಗಿ ಕಸದ ಗಾಡಿ ಹಿಂದೆ ಹೋಗೋದಾ? ಜ್ವರ ಬಂದ ಮಗುವಿನ ಪಕ್ಕ ಕೂತು ಆರೈಕೆ ಮಾಡೋದು ಹೆಣ್ಣಿನ ಕೆಲಸ ಅನ್ನೋದಾದರೆ, ಜ್ವರ ಬಾರದಂತೆ ಬೀದಿ ಚೊಕ್ಕ ಮಾಡಿಸೋದೂ ಅದೇ ಕೆಲಸ ಅನ್ನೋದು ಜೇನ್ ವಾದ. ಸಾವಿನ ಪ್ರಮಾಣದಲ್ಲಿ ನಗರದ ವಾರ್ಡುಗಳ ಪೈಕಿ ಮೂರನೇ ಸ್ಥಾನದಲ್ಲಿದ್ದ 19ನೇ ವಾರ್ಡು ಏಳಕ್ಕೆ ಇಳಿಯಿತು. ಆ ವಾರ್ಡಿನ ಮಕ್ಕಳಿಗಾಗಿ ಅಲ್ಲಿಯವರೆಗೆ ಯಾರೂ ಮಾಡದ ನಗರ ಯೋಜನೆ ಇದು ಅಂತ ನಾನು ಕರೀತೀನಿ. ಇದರಲ್ಲಿ ಒಂದು ಡ್ರಾಯಿಂಗ್ ಕೂಡ ಇರಲಿಲ್ಲ.

ಆಮೇಲೆ ಏನಾಯ್ತು? ವಾರ್ಡಿನ ಆಲ್ಡರ್‌ಮನ್, ಅಂದರೆ ನಮ್ಮ ಲೆಕ್ಕದಲ್ಲಿ ಕಾರ್ಪೊರೇಟರ್, ಜಾನಿ ಪವರ್ಸ್ ಅನ್ನೋ ಘಟಾನುಘಟಿ. ಸತ್ತವರ ಮನೆಗೆ ಖರ್ಚು ಕೊಡ್ತಿದ್ದ, ಹುಡುಗರಿಗೆ ಕೆಲಸ ಕೊಡಿಸ್ತಿದ್ದ, ಕ್ರಿಸ್‌ಮಸ್‌ಗೆ ಟರ್ಕಿ ಕೋಳಿ ಹಂಚ್ತಿದ್ದ. 1896 ಮತ್ತು 1898ರ ಚುನಾವಣೆಗಳಲ್ಲಿ ಹಲ್ ಹೌಸ್ ಅವನ ವಿರುದ್ಧ ಪ್ರಚಾರ ಮಾಡಿತು. ಎರಡು ಸಲವೂ ಆತನೇ ಗೆದ್ದ. ಜನ ಮೂರ್ಖರು ಅಂತ ಜೇನ್ ಬೈದುಕೊಳ್ಳಲಿಲ್ಲ. ಕಷ್ಟಕ್ಕೆ ಆಗುವ ಮನುಷ್ಯ ಅಂತ ನಂಬಿ ಜನ ವೋಟು ಹಾಕ್ತಾರೆ, ಆ ನಂಬಿಕೆಯನ್ನು ಅರ್ಥ ಮಾಡಿಕೊಳ್ಳದ ಸುಧಾರಕರು ಸೋಲೋದು ಸಹಜ ಅಂತ ವಿವರವಾಗಿ ಬರೆದರು. ರಾಜಕೀಯಕ್ಕೆ ಹೊಸದಾಗಿ ಬರೋ ನಮ್ಮಂಥವರು ಇದನ್ನು ಎರಡೆರಡು ಸಲ ಓದಬೇಕು.

ಮೈದಾನ, ಮತ್ತು ಮನೆ ಕಳೆದುಕೊಂಡವರು

ಹಲ್ ಹೌಸ್ ಪಕ್ಕದ ಕೆಲವು ಕೆಟ್ಟ ವಠಾರಗಳು ವಿಲಿಯಂ ಕೆಂಟ್ ಅನ್ನೋ ಯುವಕನಿಗೆ ಸೇರಿದ್ದವು. ಅವುಗಳ ಸ್ಥಿತಿಯ ಬಗ್ಗೆ ಬಹಿರಂಗ ಟೀಕೆ ಬಂದಾಗ ಆತ ಅವುಗಳನ್ನು ಹಲ್ ಹೌಸ್‌ಗೆ ಕೊಡಲು ಮುಂದಾದ. ಅಂಥ ಮನೆಗಳನ್ನು ಬಾಡಿಗೆಗೆ ನಡೆಸೋದು ನಮ್ಮಿಂದಾಗದು, ಕೆಡವಿಬಿಡಿ ಅನ್ನೋದು ಜೇನ್ ನಿಲುವು. 1890ರ ದಶಕದಲ್ಲಿ ಮನೆಗಳು ಹೋಗಿ ಆ ಜಾಗದಲ್ಲಿ ಆಟದ ಮೈದಾನ ಬಂತು. ಶಿಕಾಗೊದ ಮೊದಲ ಸಾರ್ವಜನಿಕ ಆಟದ ಮೈದಾನಗಳಲ್ಲಿ ಅದೊಂದು. ಸುಮಾರು ಹತ್ತು ವರ್ಷ ಹಲ್ ಹೌಸ್ ನಡೆಸಿ, ಆಮೇಲೆ ನಗರಾಡಳಿತಕ್ಕೆ ಒಪ್ಪಿಸಿತು. ಈ ಕೆಂಟ್ ಮುಂದೆ ಕ್ಯಾಲಿಫೋರ್ನಿಯಾದ ಸಂಸದನಾದ. ಅಲ್ಲಿನ ಹೆಸರಾಂತ ಮ್ಯೂರ್ ವುಡ್ಸ್ ಕಾಡನ್ನು ದೇಶಕ್ಕೆ ದಾನ ಕೊಟ್ಟವನೂ ಆತನೇ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತೆ. ಆದರೆ ಆ ಮನೆಗಳಲ್ಲಿ ಜನ ಇದ್ದರಲ್ಲ? ಕೆಲವರು ಬಿಟ್ಟುಹೋಗಲು ಒಪ್ಪಲಿಲ್ಲ. ಕೋರ್ಟಿನ ಆದೇಶ ತಂದು ಅವರನ್ನು ಒಕ್ಕಲೆಬ್ಬಿಸಬೇಕಾಯ್ತು. ಎಷ್ಟೋ ವರ್ಷದ ನಂತರವೂ ಅವರು ಆ ಮನೆಗಳಿಗಾಗಿ ಹಲುಬುತ್ತಿದ್ದರು ಅಂತ ಜೇನ್ ಅವರೇ ಬರೆದಿದ್ದಾರೆ. ಅವರ ಬರಹದಲ್ಲಿ ಇದು ಒಂದೇ ವಾಕ್ಯದಲ್ಲಿ ಬಂದು ಹೋಗುತ್ತೆ, ಸ್ವಲ್ಪ ಹಗುರವಾಗಿಯೇ. ನನಗೆ ಅದು ಹಗುರವಾದ ವಿಷಯ ಅಲ್ಲ. ಮಕ್ಕಳಿಗೆ ಆಡೋ ಜಾಗ ಮಾಡೋಕೆ ಇನ್ಯಾರದ್ದೋ ಮಕ್ಕಳು ಮಲಗೋ ಜಾಗ ಹೋಯ್ತು. ಕೆರೆಯಂಗಳ, ಪಾರ್ಕು, ಅಗಲವಾದ ರಸ್ತೆಯ ಹೆಸರಲ್ಲಿ ಕೊಳೆಗೇರಿ ಎಬ್ಬಿಸೋ ಪ್ರತಿ ಸಲವೂ ಇದೇ ಪ್ರಶ್ನೆ ಏಳುತ್ತೆ. ಜೇನ್ ಬಳಿ ಇದಕ್ಕೆ ಪೂರ್ತಿ ಉತ್ತರ ಇರಲಿಲ್ಲ.

ಮೈದಾನದ ಕೆಲಸ ಬೆಳೆಯಿತು. 1906ರಲ್ಲಿ ಅಮೆರಿಕದ ಆಟದ ಮೈದಾನಗಳ ರಾಷ್ಟ್ರೀಯ ಸಂಘ ಹುಟ್ಟಿದಾಗ ಅದರ ಪದಾಧಿಕಾರಿಗಳಲ್ಲಿ ಜೇನ್ ಇದ್ದರು. ಇದೇ ಹೊತ್ತಿಗೆ ಶಿಕಾಗೊದ ದಕ್ಷಿಣ ಭಾಗದ ಕಾರ್ಮಿಕರ ಬಡಾವಣೆಗಳಲ್ಲಿ ಸಣ್ಣ ಸಣ್ಣ ಪಾರ್ಕುಗಳು ಬಂದವು. ಬರೀ ಹುಲ್ಲು, ಬೆಂಚು ಅಲ್ಲ. ಪಾರ್ಕಿನೊಳಗೆ ವ್ಯಾಯಾಮಶಾಲೆ, ಸ್ನಾನಗೃಹ, ಓದೋ ಕೋಣೆ, ಸಭೆ ಸೇರೋಕೆ ಹಾಲ್ ಇರೋ ಕಟ್ಟಡ. ಹಲ್ ಹೌಸಿನಲ್ಲಿ ಖಾಸಗಿ ದಾನದಿಂದ ನಡೆದದ್ದು ಈಗ ತೆರಿಗೆ ಹಣದಿಂದ, ಹಕ್ಕಾಗಿ, ನಡೆಯತೊಡಗಿತು. 1907ರ ಹೊತ್ತಿಗೆ ಹಲ್ ಹೌಸ್ ಕೂಡ 13 ಕಟ್ಟಡಗಳ ಸಮುಚ್ಚಯ ಆಗಿತ್ತು.

ಆಟ ಯಾವಾಗ ಅಪರಾಧ ಆಯ್ತು?

1899ರಲ್ಲಿ ಶಿಕಾಗೊದಲ್ಲಿ ಅಮೆರಿಕದ ಮೊದಲ ಬಾಲಾಪರಾಧಿಗಳ ನ್ಯಾಯಾಲಯ ಶುರುವಾಯ್ತು. ಅಲ್ಲಿಯವರೆಗೆ ಮಕ್ಕಳನ್ನು ದೊಡ್ಡವರ ಜೊತೆಯೇ ಜೈಲಿಗೆ ತಳ್ಳುತ್ತಿದ್ದರು. ಇದರ ಹಿಂದೆ ಲೂಸಿ ಫ್ಲವರ್, ಹಲ್ ಹೌಸಿನ ಜೂಲಿಯಾ ಲ್ಯಾಥ್ರಪ್ ಮೊದಲಾದವರಿದ್ದರು. ಲ್ಯಾಥ್ರಪ್ 1912ರಲ್ಲಿ ಅಮೆರಿಕ ಸರ್ಕಾರದ ಮಕ್ಕಳ ಇಲಾಖೆಯ ಮೊದಲ ಮುಖ್ಯಸ್ಥೆಯಾದರು.

ಆ ನ್ಯಾಯಾಲಯದ ಕಡತಗಳನ್ನು ಜೇನ್ ಕೂತು ಓದಿದರು. ರೈಲು ಹಳಿ ಮೇಲೆ ಆಡಿದ್ದು, ಓಡೋ ರೈಲಿಗೆ ಕಲ್ಲು ಹೊಡೆದದ್ದು, ಹಳಿ ಪಕ್ಕ ಬೆಂಕಿ ಹಾಕಿದ್ದು, ಕಲ್ಲಿದ್ದಲು ಕದ್ದದ್ದು, ಹೀಗೆ. ಅವರಿಗೆ ಅಲ್ಲಿ ಕಂಡದ್ದು ಹೆಚ್ಚಾಗಿ ಸಾಹಸದ ಹಸಿವು. ಹಳ್ಳಿಯಲ್ಲಿ ಮರ ಹತ್ತಿ, ಹೊಳೆ ಹಾರಿ ತೀರಿಸಿಕೊಳ್ಳೋ ಹಸಿವಿಗೆ ನಗರದಲ್ಲಿ ಪೊಲೀಸ್ ಕೇಸು. 1909ರಲ್ಲಿ ಬಂದ ಅವರ ಪುಸ್ತಕ, ದಿ ಸ್ಪಿರಿಟ್ ಆಫ್ ಯೂತ್ ಆಂಡ್ ದಿ ಸಿಟಿ ಸ್ಟ್ರೀಟ್ಸ್, ಇದನ್ನೇ ಹೇಳುತ್ತೆ. ಕೈಗಾರಿಕಾ ನಗರ ಎಳೆಯರನ್ನು ಊರೂರಿಂದ ಕರೆಸಿಕೊಳ್ಳೋದು ಅವರ ದುಡಿಮೆಗಾಗಿ. ಅವರ ಹಗಲನ್ನು ಕಾರ್ಖಾನೆ ನಿಮಿಷ ನಿಮಿಷ ಲೆಕ್ಕ ಹಾಕಿ ತಗೊಳ್ಳುತ್ತೆ. ಸಂಜೆಯನ್ನು ಮಾತ್ರ ಸಾರಾಯಿ ಅಂಗಡಿಯವನಿಗೆ, ದುಡ್ಡು ಕೀಳೋ ಡಾನ್ಸ್ ಹಾಲಿನವನಿಗೆ ಬಿಟ್ಟುಬಿಡುತ್ತೆ. ಆಮೇಲೆ ಹುಡುಗರು ಕೆಟ್ಟರು ಅಂತ ಅದೇ ನಗರ ಗೋಳಾಡುತ್ತೆ.

ಮೊಬೈಲ್ ಹಿಡಿದ ಮಕ್ಕಳ ಬಗ್ಗೆ ಉಪದೇಶ ಕೊಡೋ ಮೊದಲು ನಾವು ಇದನ್ನು ನೆನಪಿಟ್ಟುಕೊಳ್ಳಬೇಕು. ಓಣಿಯನ್ನು ಪಾರ್ಕಿಂಗ್‌ಗೆ ಕೊಟ್ಟವರು ಮಕ್ಕಳಲ್ಲ.

ಅವರಿಗೆ ಕಾಣದೇ ಹೋದದ್ದು

ಜೇನ್ ಅವರನ್ನು ದೇವತೆ ಮಾಡಿ ಕೂರಿಸೋದು ಸುಲಭ, ತುಂಬ ಜನ ಮಾಡಿದ್ದಾರೆ. ಆದರೆ ಕಪ್ಪುಜನರ ವಿಷಯದಲ್ಲಿ ಅವರ ದಾಖಲೆ ಏರುಪೇರಿನದು. 1901ರಲ್ಲಿ ಗುಂಪುಹತ್ಯೆಯ ವಿರುದ್ಧ ಲೇಖನ ಬರೆದಾಗ, ಸತ್ತವರು ಅಪರಾಧ ಮಾಡಿದ್ದರು ಅನ್ನೋ ಬಿಳಿಯರ ಕಥೆಯನ್ನು ಒಪ್ಪಿಕೊಂಡೇ ವಾದ ಕಟ್ಟಿದ್ದರು. ಅದು ಸುಳ್ಳು ಅಂತ ಅಂಕಿಅಂಶ ಇಟ್ಟು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟವರು ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್. ಜೇನ್ ಆಮೇಲೆ 1909ರಲ್ಲಿ ಕಪ್ಪುಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಸ್ಥಾಪಕರಲ್ಲಿ ಒಬ್ಬರಾದರು. ಆದರೆ 1912ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಅವರ ಹೊಸ ಪಕ್ಷದ ಸಮಾವೇಶ ದಕ್ಷಿಣದ ಕಪ್ಪು ಪ್ರತಿನಿಧಿಗಳನ್ನು ಹೊರಗಿಟ್ಟಾಗ, ಆಕ್ಷೇಪ ಎತ್ತಿಯೂ ಕೊನೆಗೆ ರೂಸ್‌ವೆಲ್ಟ್ ಹೆಸರನ್ನು ವೇದಿಕೆಯಲ್ಲಿ ಅನುಮೋದಿಸಿದರು. ಯಾವ ಮಕ್ಕಳಿಗೆ ಸ್ನೇಹಿ ಅನ್ನೋ ಪ್ರಶ್ನೆ ಆಗಲೂ ಇತ್ತು.

ಮೊದಲ ಮಹಾಯುದ್ಧ ಅವರ ಜನಪ್ರಿಯತೆಯನ್ನು ನುಂಗಿತು. 1915ರಲ್ಲಿ ಹೇಗ್‌ನಲ್ಲಿ ಸೇರಿದ ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಸಮಾವೇಶಕ್ಕೆ ಅವರು ಅಧ್ಯಕ್ಷೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗಲೂ ನಿಲುವು ಬದಲಿಸಲಿಲ್ಲ. ನಿನ್ನೆವರೆಗೆ ಹೊಗಳಿದ ಪತ್ರಿಕೆಗಳು ದೇಶದ್ರೋಹಿ ಅಂದವು. 1919ರಲ್ಲಿ ಜರ್ಮನಿಗೆ ಹೋಗಿ ಹಸಿದ ಮಕ್ಕಳನ್ನು ನೋಡಿ ಬಂದು, ಶತ್ರು ದೇಶದ ಮಕ್ಕಳಿಗೂ ಅನ್ನ ಬೇಕು ಅಂದರು. ಅದಕ್ಕೂ ಬೈಗುಳ ಬಿತ್ತು. 1923ರಲ್ಲಿ ಜೀವನಸಂಗಾತಿ ಮೇರಿ ರೋಜೆಟ್ ಸ್ಮಿತ್ ಜೊತೆ ಏಷ್ಯಾ ಪ್ರವಾಸ ಮಾಡಿದಾಗ ಭಾರತಕ್ಕೂ ಬಂದಿದ್ದರು. ಆಗ ಗಾಂಧಿ ಯರವಡಾ ಜೈಲಿನಲ್ಲಿದ್ದರು.

1931ರ ನೊಬೆಲ್ ಪ್ರಶಸ್ತಿ ಒಂದು ರೀತಿಯಲ್ಲಿ ಮರ್ಯಾದೆಯನ್ನು ವಾಪಸ್ ಕೊಟ್ಟಿತು. 1935ರ ಮೇ 21ರಂದು ಜೇನ್ ತೀರಿಕೊಂಡರು. ವಾರ್ಡಿನ ಸಾವಿರಾರು ಜನ ಸಾಲುಗಟ್ಟಿ ಬಂದರು.

ಬುಲ್‌ಡೋಜರ್ ಬಂದ ದಿನಗಳು

1909ರಲ್ಲೇ, ಜೇನ್ ಬೀದಿ ಮಕ್ಕಳ ಪುಸ್ತಕ ಬರೆದ ವರ್ಷ, ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಶಿಕಾಗೊಗೆ ಒಂದು ಭವ್ಯ ಯೋಜನೆ ಕೊಟ್ಟಿದ್ದರು. ನಗರ ಯೋಜನೆ ಓದುವವರಿಗೆ ಇವತ್ತಿಗೂ ಅದು ಪಾಠ. ಅಗಲವಾದ ರಾಜಬೀದಿಗಳು, ನಡುವೆ ದೊಡ್ಡ ಗುಮ್ಮಟದ ಪೌರಕೇಂದ್ರ. ಆ ಗುಮ್ಮಟ ಬರಬೇಕಿದ್ದದ್ದು ಹಾಲ್‌ಸ್ಟೆಡ್ ಬೀದಿಯಲ್ಲೇ, ಹಲ್ ಹೌಸಿಂದ ನಡೆದು ಹೋಗುವಷ್ಟು ದೂರದಲ್ಲಿ. ಅದು ಬರಲಿಲ್ಲ. ಅರ್ಧ ಶತಮಾನದ ನಂತರ ಆ ಸುತ್ತಿಗೆ ಹೆದ್ದಾರಿಗಳು ಕೂಡುವ ದೊಡ್ಡ ವೃತ್ತ ಬಂತು. ಅದರ ಬೆನ್ನಿಗೇ ಮೇಯರ್ ರಿಚರ್ಡ್ ಡೇಲಿ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆ 1961ರಲ್ಲಿ ಆರಿಸಿದ್ದು ಹಲ್ ಹೌಸ್ ಇರೋ ಬಡಾವಣೆಯನ್ನೇ.

ವಿರೋಧದ ಮುಂದಾಳು ಫ್ಲಾರೆನ್ಸ್ ಸ್ಕಾಲಾ, ಇಟಲಿಯಿಂದ ಬಂದ ದರ್ಜಿಯೊಬ್ಬರ ಮಗಳು. ಚಿಕ್ಕಂದಿನಲ್ಲಿ ಹಲ್ ಹೌಸಿಗೆ ನಾಟಕ ಕಲಿಯೋಕೆ ಹೋಗಿ ಬೆಳೆದವರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂತೀವಲ್ಲ ಹಾಗೆ, ಅಡುಗೆಮನೆಯಿಂದ ಎದ್ದು ಬಂದ ಹೆಂಗಸರು ಮೇಯರ್ ಕಚೇರಿಯಲ್ಲಿ ಧರಣಿ ಕೂತರು. ಸ್ಕಾಲಾ ಮನೆಗೆ ಬಾಂಬ್ ಬಿತ್ತು. ಹಲ್ ಹೌಸಿನ ಆಡಳಿತ ಮಂಡಳಿ ಆಸ್ತಿ ಮಾರಲು ಒಪ್ಪಿಕೊಂಡಿತು. 1963ರಲ್ಲಿ ಕೋರ್ಟಿನ ದಾರಿಯೂ ಮುಚ್ಚಿತು. ಸಾವಿರಾರು ಜನ ಮನೆ ಬಿಟ್ಟರು. 1965ರಲ್ಲಿ ಕ್ಯಾಂಪಸ್ ತೆರೆಯಿತು. ಹೆದ್ದಾರಿ ವೃತ್ತದ ಹೆಸರನ್ನೇ ಅದಕ್ಕೆ ಇಟ್ಟರು. 13 ಕಟ್ಟಡಗಳಲ್ಲಿ ಉಳಿದದ್ದು ಎರಡು: ಹಳೆಯ ಬಂಗಲೆ ಮತ್ತು ಊಟದ ಮನೆ. ಈಗ ಅದು ಮ್ಯೂಸಿಯಂ. ಜೇನ್ ಬಗ್ಗೆ ತಿಳಿಯಲು ಬರೋವರು ಬರ್ತಾರೆ, ಅವರು ಯಾರಿಗಾಗಿ ಅಲ್ಲಿಗೆ ಬಂದಿದ್ದರೋ ಆ ನೆರೆಹೊರೆ ಮಾತ್ರ ಅಲ್ಲಿಲ್ಲ.

ಹಾಗಾದರೆ ಎಲ್ಲ ವ್ಯರ್ಥವಾಯ್ತಾ? ನನಗೆ ಹಾಗನ್ನಿಸೋದಿಲ್ಲ. ಬಾಲಕಾರ್ಮಿಕ ಕಾನೂನು, ಮಕ್ಕಳ ನ್ಯಾಯಾಲಯ, ತೆರಿಗೆ ಹಣದ ಮೈದಾನಗಳು ಆ ಬೀದಿ ದಾಟಿ ದೇಶಕ್ಕೆ ಹಬ್ಬಿದ್ದವು. ಮೈದಾನವನ್ನು ಕಟ್ಟೋದು ಒಂದು ಕೆಲಸ, ಅದನ್ನು ಉಳಿಸಿಕೊಳ್ಳೋ ಅಧಿಕಾರ ಬೀದಿಯವರ ಕೈಯಲ್ಲಿ ಇರೋ ಹಾಗೆ ಮಾಡೋದು ಇನ್ನೊಂದು. ಮೊದಲನೆಯದರಲ್ಲಿ ಜೇನ್ ಗೆದ್ದರು. ಎರಡನೆಯದರಲ್ಲಿ ಜಾನಿ ಪವರ್ಸ್ ಮುಂದೆ ಸೋತರು, ಅವರು ಹೋಗಿ ಮೂರು ದಶಕಕ್ಕೆ ಅವರ ಮನೆಯೂ ಸೋತಿತು.

ಕ್ಯಾಂಪಸ್ ಹೋರಾಟದಲ್ಲಿ ಸೋತ ಮೇಲೆ ಫ್ಲಾರೆನ್ಸ್ ಸ್ಕಾಲಾ ಮನೆಯಲ್ಲಿ ಕೂರಲಿಲ್ಲ. 1964ರಲ್ಲಿ ಪಕ್ಷೇತರವಾಗಿ ಕಾರ್ಪೊರೇಟರ್ ಸ್ಥಾನಕ್ಕೆ ನಿಂತರು. ಸೋತರು. ಮಕ್ಕಳಿಗೆ ಆಡೋಕೆ, ಹಾಡೋಕೆ, ಮಾತಾಡೋಕೆ ಜಾಗ ಕೊಟ್ಟ ಬಡಾವಣೆ, ಮೂವತ್ತು ವರ್ಷದ ನಂತರ ಮೇಯರ್ ಎದುರು ನಿಂತು ಮಾತಾಡಬಲ್ಲ ಒಬ್ಬ ಹೆಂಗಸನ್ನು ಕೊಟ್ಟಿತ್ತು. ನಿಮ್ಮ ವಾರ್ಡಿನಲ್ಲಿ ಅಂಥ ಜಾಗ ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಒಮ್ಮೆ ವಿಚಾರಿಸಿ ನೋಡಿ.